ಎಂಟಿಂಚಿನ ಹಿತ್ತಲು

ಕರಿಬೇವಿನ ಕುಂಡದ ಮಣ್ಣಿನ ಮೇಲೆ ಬೆಳ್ಳಂಬೆಳಿಗ್ಗೆ ನಾಲ್ಕು ಸಾಸಿವೆ, ಒಂದು ಚೂರು ಹಸಿಮೆಣಸಿನಕಾಯಿ, ಎರಡು ಕರಿಬೇವಿನೆಲೆ. ಆ ಎಲೆ ಗಿಡದಿಂದ ಉದುರಿದ್ದಲ್ಲ, ಎಣ್ಣೆಯಲ್ಲಿ ಸಿಡಿದು ಬಂದದ್ದು. ರಾತ್ರಿ ಉಳಿದ ಮಜ್ಜಿಗೆಯನ್ನು ಯಾರೋ ಗಿಡಕ್ಕೆ ಕುಡಿಸಿದ್ದಾರೆ. ಕರಿಬೇವಿಗೆ ಅದರದೇ ಎಲೆಯ ಒಗ್ಗರಣೆ! ಯಾರು ಅಂತ ಕೇಳಿದರೆ ಮನೆಯಲ್ಲಿ ಯಾರೂ ಅಲ್ಲ. "ಕರಿಬೇವಿಗೆ ಮಜ್ಜಿಗೆ ಒಳ್ಳೇದು" ಅನ್ನುವ ದನಿ ಮಾತ್ರ ಒಳಕೋಣೆಯಿಂದ ಬರುತ್ತದೆ.

ಒಳ್ಳೇದೇ, ಅಲ್ಲ ಅಂದವರಾರು? ಆದರೆ ಉಪ್ಪು ಬೀಳದ ಹುಳಿ ಮಜ್ಜಿಗೆ. 1 ಲೋಟಕ್ಕೆ 10 ಲೋಟ ನೀರು ಬೆರೆಸಿ, 15 ದಿನಕ್ಕೊಮ್ಮೆ. ಮೈಸೂರಿನ ಬಡಾವಣೆಗಳಲ್ಲಿ ಕಾವೇರಿ, ಕಬಿನಿ ನಲ್ಲಿಗೆ ಬರದ ದಿನ ಬೋರ್‌ವೆಲ್ಲೇ ಗತಿ. ಆ ಗಡಸು ನೀರು ಹೊಯ್ದು ಹೊಯ್ದು ಮಣ್ಣು ಸುಣ್ಣ ಕಟ್ಟಿದರೆ ಬೇರಿಗೆ ಕಬ್ಬಿಣದಂಶ ದಕ್ಕುವುದಿಲ್ಲ. ಹೊಸ ಎಲೆ ಹಳದಿ, ನರ ಮಾತ್ರ ಹಸಿರು. ಮಜ್ಜಿಗೆಯ ಹುಳಿ ಅಲ್ಲಿ ಕೊಂಚ ನೆರವಾದೀತು. ಅದರ ಮಹಿಮೆ ಅಷ್ಟೇ. ಗಿಡ ಪೊದೆಯಾಗಬೇಕೆಂದರೆ ಮಜ್ಜಿಗೆಗಿಂತ ಉಗುರು ದೊಡ್ಡದು: ಒಂದೊಂದೇ ಎಲೆ ಬಿಡಿಸುವ ಬದಲು ತುದಿಯನ್ನೇ ಚಿವುಟಿದರೆ ಪಕ್ಕದಿಂದ ಕವಲೊಡೆಯುತ್ತದೆ. ಮಾಗಿಯ ಚಳಿಗೆ ಅದು ಚಿಗುರುವುದನ್ನೇ ಮರೆಯುತ್ತದೆ. ನಮ್ಮವರು ಹೆಚ್ಚು ಹೊಯ್ಯುವುದು ಆಗಲೇ.

ಇನ್ನು ಉಪ್ಪು. ನಾವು ತಿಂದ ಉಪ್ಪಿಗೆ ಬೆವರುತ್ತೇವೆ. ಕುಂಡಕ್ಕೆ ಆ ಅನುಕೂಲವಿಲ್ಲ. ನೀರು ಆರುತ್ತದೆ, ಉಪ್ಪು ಕೂತೇ ಇರುತ್ತದೆ. ಒದ್ದೆ ಮಣ್ಣಿನಲ್ಲಿದ್ದೂ ಬೇರು ಬಾಯಾರುತ್ತದೆ, ಎಲೆಯಂಚು ಕಂದು ತಿರುಗಿ ಸುಟ್ಟಂತಾಗುತ್ತದೆ. ಆಗ ಮನೆಯ ವೈದ್ಯರ ತೀರ್ಮಾನ: "ಪಾಪ, ಸೊರಗಿದೆ, ಇನ್ನೊಂದು ಲೋಟ ಹಾಕು." ಆಗಿಹೋದದ್ದಕ್ಕೆ ಕುಂಡವನ್ನು ಬಚ್ಚಲಿಗೆ ಹೊತ್ತುಕೊಂಡು ಹೋಗಿ, ಅದರ ಅಳತೆಯ ಮೂರು ಪಟ್ಟು ಸಪ್ಪೆ ನೀರನ್ನು ನಿಧಾನವಾಗಿ ಹೊಯ್ದು, ಅಡಿಯ ತೂತಿನಿಂದ ಪೂರ್ತಿ ಬಸಿಯಲು ಬಿಡಬೇಕು. ಅಡಿಯಲ್ಲಿ ತೂತೇ ಇಲ್ಲದ ಶೋಕಿ ಪಿಂಗಾಣಿ ಕುಂಡವಾದರೆ ದೇವರೇ ಗತಿ.

ಪ್ರತಿ ಮನೆಯಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಸಿಂಕ್‌ಗೆ ಎಂಟು ಹೆಜ್ಜೆ, ಕುಂಡಕ್ಕೆ ಮೂರು. ಲೆಕ್ಕ ಅಷ್ಟೇ, ಹೇಳಿಕೊಳ್ಳುವುದಕ್ಕೆ ಸಾವಯವ ಕೃಷಿ. ಪೇಪರ್ ಮಡಿಸುತ್ತಾ ಲೋಟದ ತಳದ ಕಾಫಿ ಮನಿ ಪ್ಲಾಂಟಿಗೆ. ಹನ್ನೊಂದು ಗಂಟೆಗೆ ಸೋಸಿದ ಟೀಪುಡಿ, ಹಾಲು ಸಕ್ಕರೆ ಸಮೇತ, ಗುಲಾಬಿಗೆ. ಊಟವಾದ ಮೇಲೆ ನೀರಿನ ಲೋಟದಲ್ಲೇ ಬೆರಳದ್ದಿ ತೊಳೆದು, ಆ ನೀರು ದಾಸವಾಳಕ್ಕೆ. ತುಳಸಿಗೆ ಮಾತ್ರ ವಿನಾಯಿತಿ, ಎಂಜಲಾಗುತ್ತಲ್ಲ! ದೇವರ ಪಟ್ಟಿಯಲ್ಲಿ ಹೆಸರಿಲ್ಲದ ಗಿಡಗಳನ್ನು ಕೇಳುವವರಾರು? ಸಂಜೆ ಹೊಸ್ತಿಲಿಂದ ಕುಂಡದವರೆಗೆ ಇರುವೆ ಸಾಲು ಬಿದ್ದರೆ, "ಇದೆಲ್ಲಿಂದ ಬಂತಪ್ಪಾ" ಅಂತ ಮೊದಲು ಉದ್ಗರಿಸುವವರೂ ಅವರೇ. ಸಕ್ಕರೆಗೆ ಬಂದ ಇರುವೆ ಸುಮ್ಮನೆ ವಾಪಸ್ ಹೋಗುವುದಿಲ್ಲ. ಗಿಡದ ರಸ ಹೀರುವ ಬಿಳಿ ಹುಳು ಹಿಟ್ಟುತಿಗಣೆ ಸ್ರವಿಸುವ ಸಿಹಿಯ ಆಸೆಗೆ ಅದನ್ನು ಹಸು ಸಾಕಿದಂತೆ ಸಾಕುತ್ತದೆ, ಶತ್ರುಗಳಿಂದ ಕಾಯುತ್ತದೆ. ದಾಸವಾಳದ ಕವಲಿನಲ್ಲಿ ಹತ್ತಿಯಂಥ ಬಿಳಿ ಮುದ್ದೆ ಕಂಡರೆ 1 ಲೀಟರ್ ಉಗುರುಬೆಚ್ಚಗಿನ ನೀರಿಗೆ 5 ಮಿಲಿ ಬೇವಿನೆಣ್ಣೆ, ನಾಲ್ಕೈದು ಹನಿ ಪಾತ್ರೆ ಸೋಪು ಸೇರಿಸಿ ಚೆನ್ನಾಗಿ ಕುಲುಕಿ, ಸಂಜೆ ಸಿಂಪಡಿಸಿ. ವಾರಕ್ಕೊಮ್ಮೆಯಂತೆ ಮೂರು ಸಲ. ಒಂದು ಗುಟುಕು ಕಾಫಿಯ ಬಡ್ಡಿ ಇದು.

ಫಿಲ್ಟರಿನ ಚರಟದ ಮಾತು ಬೇರೆ. ಹಾಲು ಸಕ್ಕರೆ ಮುಟ್ಟದ ಚರಟದಲ್ಲಿ ನೂರಕ್ಕೆ ಸುಮಾರು 2 ಪಾಲು ಸಾರಜನಕ ಇರುತ್ತದೆ. ಹಾಗಂತ ಫಿಲ್ಟರನ್ನೇ ಕುಂಡಕ್ಕೆ ಕವುಚಿದರೆ ಅದೇ ಆಕಾರದಲ್ಲಿ ಒಣಗಿ ಇಡ್ಲಿಯ ಹಾಗೆ ಕೂರುತ್ತದೆ. ನೀರು ಮೇಲಿಂದ ಜಾರಿ ಅಂಚಿಗೆ ಓಡುತ್ತದೆ. ಒಣಗಿಸಿ, ತಿಂಗಳಿಗೆ 1 ಚಮಚ, ಮೇಲ್ಮಣ್ಣಿಗೆ ಕೆದಕಿದರೆ ಸಾಕು. ಮೊಟ್ಟೆಸಿಪ್ಪೆ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಕೈಯಲ್ಲಿ ಮುರಿದು ಉದುರಿಸಿದ ಚೂರುಗಳು ಮುಂದಿನ ದಸರಾಕ್ಕೂ ಹಾಗೇ ಇರುತ್ತವೆ, ಮಿಕ್ಸಿಯಲ್ಲಿ ನುಣ್ಣಗಾಗಬೇಕು. ಬೋರ್‌ವೆಲ್ ನೀರು ಕುಡಿಯುವ ಗಿಡಕ್ಕೆ ಅದೂ ಬೇಡ. ಬಾಳೆಸಿಪ್ಪೆಯ ಪೊಟ್ಯಾಸಿಯಂ ಗಿಡಕ್ಕೆ ಸಲ್ಲುತ್ತದೆ ನಿಜ, ನಂಜನಗೂಡು ರಸಬಾಳೆಯದೋ ಪಚ್ಚಬಾಳೆಯದೋ ಅನ್ನುವ ರುಚಿಭೇದ ಅದಕ್ಕಿಲ್ಲ. ಉಗುರಗಲ ಕತ್ತರಿಸಿ, ಒಣಗಿಸಿ, ಅಂಚಿನಲ್ಲಿ 2 ಇಂಚು ಆಳಕ್ಕೆ ಹೂಳಬೇಕು. ಹಾರ ಹಾಕಿದಂತೆ ಮೇಲೆ ಹೊದಿಸಿದರೆ ನೊಣಗಳಿಗೆ ಹಬ್ಬ. ಅಕ್ಕಿ ತೊಳೆದ ನೀರು ವಾರಕ್ಕೊಮ್ಮೆ, ಆವತ್ತಿನದು ಆವತ್ತೇ. ನಾಳೆಗಿಟ್ಟರೆ ನಾತ, ಮಣ್ಣಿನ ಮೇಲೆ ಬಿಳಿ ಬೂಷ್ಟು.

ಕೋಪ ಬರುತ್ತದೆ, ಆಮೇಲೆ ಪಾಪ ಅನಿಸುತ್ತದೆ. ಮಂಡ್ಯ ಕಡೆಯ ಹಳೇ ಮನೆಗಳಲ್ಲಿ ಕಲಗಚ್ಚು ಹಸುವಿಗೆ, ಬಚ್ಚಲ ನೀರು ಬಾಳೆಗೆ, ಸಿಪ್ಪೆ ಬೂದಿ ಸಗಣಿ ತಿಪ್ಪೆಗೆ ಹೋಗುತ್ತಿತ್ತು. ತಿಪ್ಪೆ ತಿಂಗಳುಗಟ್ಟಲೆ ಸಾವಧಾನವಾಗಿ ಅರಗಿಸಿಕೊಂಡು, ಮುಂಗಾರಿಗೆ ಮೊದಲು ಗಾಡಿಯೇರಿ ಗದ್ದೆ ಸೇರುತ್ತಿತ್ತು. ಹಿತ್ತಲು ಹೋಯಿತು, ಹಸು ಹೋಯಿತು, ಸುರಿಯುವ ಕೈ ಮಾತ್ರ ಮೂರನೇ ಮಹಡಿಗೂ ಬಂತು. ಅದಕ್ಕೆ ಎದುರಿಗೆ ಸಿಕ್ಕಿದ್ದು ಎಂಟಿಂಚಿನ ಕುಂಡ.

ಆ ಕೈಗೆ 20 ಲೀಟರಿನ ಹಳೇ ಬಕೆಟ್ಟೊಂದನ್ನು ತೋರಿಸಬಹುದು. ಸುತ್ತ ಮತ್ತು ಅಡಿಯಲ್ಲಿ ತೂತು ಹೊಡೆದು, 1 ಪಾಲು ಸಿಪ್ಪೆಗೆ 2 ಪಾಲು ತರಗೆಲೆ, ಮೇಲೊಂದು ಹಿಡಿ ಹಳೇ ಮಣ್ಣು. ವಾರಕ್ಕೆರಡು ಸಲ ಕೈಯಾಡಿಸಿದರೆ ಎರಡು ಮೂರು ತಿಂಗಳಲ್ಲಿ ಮಳೆ ಬಿದ್ದ ಮಣ್ಣಿನ ಘಮ. ನಾರುತ್ತಿದೆಯೆಂದರೆ ಒದ್ದೆ ಹೆಚ್ಚಾಗಿದೆ, ತರಗು ಸುರಿಯಿರಿ. ಇಷ್ಟಾದರೂ, ಮೈಸೂರಿನ ಕುಪ್ಪಣ್ಣ ಪಾರ್ಕಿನ ದಸರಾ ಫಲಪುಷ್ಪ ಪ್ರದರ್ಶನ ನೋಡಿದ ಹುಮ್ಮಸ್ಸಿನಲ್ಲಿ ತಂದ ಗಿಡ ದೀಪಾವಳಿಗೆ ಎಲೆ ಉದುರಿಸುತ್ತಿದ್ದರೆ, ಬಹುತೇಕ ಅದು ಹಸಿವಲ್ಲ. ಬೆಳಕು ಸಾಲದು, ನೀರು ಜಾಸ್ತಿ. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ ನೋಡಿ. ತಂಪು ತಾಗಿದರೆ ಆವತ್ತು ಏನೂ ಬೇಡ. ಏನೂ ಅಂದರೆ ಏನೂ.

ಇಷ್ಟು ವಿವರಿಸಿ ಉಸಿರು ಬಿಡುವಷ್ಟರಲ್ಲಿ ಬಾಲ್ಕನಿಯತ್ತ ಮೂರು ಹೆಜ್ಜೆಯ ಸದ್ದು. ಕೈಯಲ್ಲಿ ಲೋಟ. ಅದರಲ್ಲಿ ಉಪ್ಪಿದೆಯಾ ಅಂತ ಕೇಳಿದರೆ, "ಛೇ ಛೇ, ಉಪ್ಪೆಲ್ಲಿ ಬಂತು? ಪಾನಕ ಇದು. ಅಪ್ಪಟ ಮಂಡ್ಯ ಬೆಲ್ಲದ್ದು."