ದುಂಡು ತಲೆಯ ಎಲ್ಪಿ ಮತ್ತು ಕರಗಿದ ಕುಲ್ಫಿ

ನಿನ್ನೆ ಸಂಜೆ ನಾನು ತರಿಸಿದ್ದ ಎಲ್ಪಿ, ಅಂದ್ರೆ ಹಳೇ ಕಾಲದ ಹಾಡಿನ ಪ್ಲೇಟು, ಪಾರ್ಸಲಲ್ಲಿ ಬಂತು, ಬಿಚ್ಚಿ ನೋಡಿದ್ರೆ ಚೌಕ ಕವರ್. ಎಲ್ಪಿ ಕವರ್ ಚೌಕ ಇರದೆ ಇನ್ನೇನ್ರೀ ಷಟ್ಕೋನ ಇರುತ್ತಾ ಅಂತ ನೀವು ಕೇಳ್ತೀರ, ಗೊತ್ತು, ನಮ್ಮನೇಲೂ ಅದನ್ನೇ ಕೇಳಿದ್ರು. ಆದ್ರೆ ನಾನು ದುಡ್ಡು ಕೊಟ್ಟಿದ್ದು ಮೇಲ್ಭಾಗ ಕಮಾನಾಗಿ ಕತ್ತರಿಸಿದ ಕವರಿಗೆ, ದುಂಡು ತಲೆಯದ್ದಕ್ಕೆ. ಫೋಟೋದಲ್ಲಿ ದುಂಡಗೇ ಇತ್ತು. ಮಾರಿದವನಿಗೆ ಮೆಸೇಜ್ ಹಾಕಿದ್ರೆ "ಫೋಟೋ ಸುಮ್ನೆ ಮಾದರಿಗೆ, ಒಳಗಿರೋ ಹಾಡು ಅದೇ ಅಲ್ವಾ" ಅಂತ ಉತ್ತರ, ಕೊನೆಗೊಂದು ನಗುಮುಖ ಬೇರೆ. ಹಾಡು ಅದೇ ಅಂತೆ. ಹಾಡಷ್ಟೇ ಸಾಕಾಗಿದ್ರೆ ಫೋನಲ್ಲಿ ಪುಕ್ಕಟೆ ಕೇಳ್ತಿರ್ಲಿಲ್ವಾ ಮಾರಾಯ, ನಿನಗ್ಯಾಕೆ ಮೇಲೆ ಏಳು ಡಾಲರ್ ಪೋಸ್ಟೇಜ್ ಕೊಡ್ತಿದ್ದೆ?

ವಿಷಯ ಏನಪ್ಪಾ ಅಂದ್ರೆ, ನಾವಿರೋದು ಅಮೆರಿಕದ ಡೆಟ್ರಾಯ್ಟ್ ಪಕ್ಕದ ನೋವೈ ಅನ್ನೋ ಊರಲ್ಲಿ, ಕಾರ್ ಕಂಪನಿ ಕೆಲಸಕ್ಕೆ ಬಂದ ಕನ್ನಡದವರು ಬೇಕಾದಷ್ಟು ಜನ ಇದೀವಿ ಇಲ್ಲಿ. ಡೆಟ್ರಾಯ್ಟ್ ಅಂದ್ಮೇಲೆ ಮೋಟೌನ್, ಸೋಲ್ ಸಂಗೀತಕ್ಕೆ ಹೆಸರಾದ ರೆಕಾರ್ಡ್ ಕಂಪನಿ. ಬೆರ್ರಿ ಗೋರ್ಡಿ 1959ರಲ್ಲಿ ಮನೆಯವರ ಹತ್ರಾನೇ 800 ಡಾಲರ್ ಸಾಲ ಮಾಡಿ ಶುರು ಮಾಡಿದ್ದು, ಸುಪ್ರೀಮ್ಸ್, ಟೆಂಪ್ಟೇಷನ್ಸ್, ಸ್ಟೀವಿ ವಂಡರ್, ಮಾರ್ವಿನ್ ಗೇ ಎಲ್ಲ ಅಲ್ಲಿ ಹಾಡಿದವರೇ, ಇದೆಲ್ಲ ಎಲ್ಲರಿಗೂ ಗೊತ್ತು, ಗೊತ್ತಿಲ್ಲದವರಿಗೂ ಮೈಕಲ್ ಜಾಕ್ಸನ್ ಗೊತ್ತು. ಆದ್ರೆ ಅದೇ ಮೋಟೌನ್ 1969ರಲ್ಲಿ ರಾಕ್ ಸಂಗೀತಕ್ಕೆ ಅಂತ ಒಂದು ಕಿರಿ ಲೇಬಲ್, ಅಂದ್ರೆ ಬೇರೆ ಹೆಸರಿನ ರೆಕಾರ್ಡ್ ಬ್ರ್ಯಾಂಡ್, ಮಾಡ್ತು, ರೇರ್ ಅರ್ಥ್ ಅಂತ. ಅದರಲ್ಲಿದ್ದ ಡೆಟ್ರಾಯ್ಟಿನ ಬ್ಯಾಂಡ್ ಹೆಸರೂ ರೇರ್ ಅರ್ಥೇ. ಲೇಬಲ್ಲಿಗೆ ಏನು ಹೆಸರಿಡೋಣ ಅಂತ ಮಾತು ಬಂದಾಗ ಇವರು ತಮಾಷೆಗೆ ನಮ್ಮ ಹೆಸರೇ ಇಡಿ ಅಂದ್ರಂತೆ, ಅವರು ಇಟ್ಟೇಬಿಟ್ರಂತೆ. ಮೊದಲ ಕಂತಲ್ಲಿ ಬಂದ ಐದು ಎಲ್ಪಿಗಳ ಕವರಿನ ಮೇಲ್ಭಾಗ ಕಮಾನಾಗಿ ಕತ್ತರಿಸಿತ್ತು: ಇವರದ್ದು, ವೇಲ್ಸಿನ ಲವ್ ಸ್ಕಲ್ಪ್ಚರ್, ಲಂಡನ್ನಿನ ಪ್ರೆಟಿ ಥಿಂಗ್ಸ್, ಆಮೇಲೆ ರಸ್ಟಿಕ್ಸ್, ಮೆಸೆಂಜರ್ಸ್. ಆಮೇಲಾಮೇಲೆ ಎಲ್ಲ ಮಾಮೂಲಿ ಚೌಕ. ಹಾಗಾಗಿ ದುಂಡು ತಲೆ ಅಂದ್ರೆ ಮೊದಲ ಮುದ್ರಣ ಅಂತ ಲೆಕ್ಕ, ನನ್ನಂಥವರ ಹುಚ್ಚೂ ಅಲ್ಲಿಗೇ ಬಂದು ನಿಂತಿದೆ.

ನಮ್ಮತ್ತೆ ತುಮಕೂರಿಂದ ಬಂದಿದಾರೆ ಈಗ. ನನ್ನ ಹತ್ರ ಇರೋ ಒಂದೇ ಒಂದು ದುಂಡು ತಲೆಯದ್ದನ್ನ ಬಹಳ ಹೆಮ್ಮೆಯಿಂದ ತೋರಿಸಿದೆ. ಎರಡೂ ಕೈಯಲ್ಲಿ ಹಿಡ್ಕೊಂಡು, ಕನ್ನಡಕ ಮೇಲೆ ಮಾಡಿ, ತಿರುಗಿಸಿ ಮುರುಗಿಸಿ ನೋಡಿ "ಅಳಿಯಂದ್ರೆ, ಇದು ಮೈಲಿಗಲ್ಲು ಇದ್ದಂಗಿದೆಯಲ್ಲ, ತುಮಕೂರಿಗೆ ಎಷ್ಟು ಕಿಲೋಮೀಟರು ಅಂತ ಬರ್ದಿಲ್ವಾ?" ಅಂದ್ರು. ಅವತ್ತಿಂದ ಮನೇಲಿ ಅದಕ್ಕೆ ಮೈಲಿಗಲ್ಲು ಅಂತಲೇ ಹೆಸರು. ನನ್ನ ಹೆಂಡತಿ ಫೋನಲ್ಲಿ ತಂಗಿಗೆ "ಇವರು ಇನ್ನೊಂದು ಮೈಲಿಗಲ್ಲು ತರ್ಸಿದಾರೆ ಕಣೇ, ಅದೂ ಚೌಕದ್ದು ಬಂದಿದೆ" ಅಂತ ಹೇಳ್ತಿದ್ದಿದ್ದು ನನಗೆ ಕೇಳಿಸ್ತು, ಕೇಳಿಸ್ಲಿ ಅಂತಾನೇ ಹೇಳಿದ್ದು ಬಿಡಿ.

ಹುಡುಕೋದೂ ಒಂದು ಶಿಕ್ಷೆ. ಅಯಸ್ಕಾಂತ ಮಾಡೋ ಲೋಹಗಳಿಗೂ ರೇರ್ ಅರ್ಥ್ ಅಂತಾನೇ ಹೆಸರು, ಹಾಗಾಗಿ ಆನ್‌ಲೈನಲ್ಲಿ ರೇರ್ ಅರ್ಥ್ ಅಂತ ಅಲರ್ಟ್ ಇಟ್ರೆ ಬರೋದೆಲ್ಲ ಅಯಸ್ಕಾಂತ. ಬೆಳಿಗ್ಗೆ ಎದ್ರೆ ನಿಯೋಡಿಮಿಯಂ, ಫ್ರಿಜ್ಜಿಗೆ ಅಂಟಿಸೋದು, ಚಾಕು ನೇತು ಹಾಕೋದು. ಆಫೀಸಿಗೆ ಹೋದ್ರೂ ಅದೇ, 2025ರಲ್ಲಿ ಚೀನಾದವರು ರಫ್ತಿಗೆ ಕಡಿವಾಣ ಹಾಕಿದಾಗಿಂದ ಮೋಟಾರಿಗೆ ಮ್ಯಾಗ್ನೆಟ್ ಎಲ್ಲಿಂದ ತರೋದು ಅನ್ನೋ ಮೀಟಿಂಗಲ್ಲಿ ದಿನಕ್ಕೆ ಇಪ್ಪತ್ತು ಸಲ ರೇರ್ ಅರ್ಥ್ ರೇರ್ ಅರ್ಥ್ ಅಂತಾರೆ, ಪ್ರತಿ ಸಲಾನೂ ನನ್ನ ಎದೆ ಝಲ್ ಅನ್ನುತ್ತೆ.

ಇನ್ನು ಅಂಗಡಿ. ಡೆಟ್ರಾಯ್ಟ್ ಕಡೆ ಹೋಗೋ ದಾರೀಲಿ ಒಂದು ಹಳೇ ರೆಕಾರ್ಡಂಗಡಿ ಇದೆ, ಅದರ ಯಜಮಾನರು ಎಪ್ಪತ್ತು ದಾಟಿದವರು, ಬಹಳ ಒಳ್ಳೆಯವರು, ಒಂದೇ ಒಂದು ಚಾಳಿ ಬಿಟ್ಟು. ಪ್ಲೇ ಮಾಡಿ ತೋರಿಸದೆ ಯಾವ ರೆಕಾರ್ಡನ್ನೂ ಕೊಡಲ್ಲ. ಬೇಡ ಸಾರ್ ನಂಬಿಕೆ ಇದೆ ಅಂದ್ರೆ ಅವರಿಗೆ ಬೇಜಾರಾಗುತ್ತೆ. ಮಾಮೂಲಿ ರೆಕಾರ್ಡಾದ್ರೆ ಪರವಾಗಿಲ್ಲ, ಮೂರು ನಿಮಿಷದ ಒಂದು ಹಾಡು, ಮುಗೀತು. ನಾನು ತಗೊಂಡಿದ್ದು ರೇರ್ ಅರ್ಥ್ ಬ್ಯಾಂಡಿನ 'ಗೆಟ್ ರೆಡಿ' ಎಲ್ಪಿ. ಆ ಹಾಡನ್ನ ಟೆಂಪ್ಟೇಷನ್ಸ್ 1966ರಲ್ಲಿ ಎರಡೂವರೆ ನಿಮಿಷದಲ್ಲಿ ಚೊಕ್ಕವಾಗಿ ಹಾಡಿ ಮುಗಿಸಿದ್ರು, ಈ ಪುಣ್ಯಾತ್ಮರು ಎರಡನೇ ಮಗ್ಗುಲು ಪೂರ್ತಿ ಅದೊಂದನ್ನೇ ಹಾಡಿದಾರೆ. ಇಪ್ಪತ್ತೊಂದೂವರೆ ನಿಮಿಷ! ಬ್ಯಾಂಡಿನಲ್ಲಿರೋ ಒಬ್ಬೊಬ್ಬರಿಗೂ ಒಂದೊಂದು ಸೋಲೋ, ಅಂದ್ರೆ ಒಬ್ಬರೇ ನುಡಿಸೋ ಸರದಿ.

ಹೊರಗೆ ಕಾರಲ್ಲಿ ಹೆಂಡತಿ, ಅತ್ತೆ, ಹಿಂದಿನ ಸೀಟಲ್ಲಿ ಆಗತಾನೇ ಇಂಡಿಯನ್ ಸ್ಟೋರಿಂದ ತಂದ ಕುಲ್ಫಿ ಡಬ್ಬ, ಜುಲೈ ತಿಂಗಳ ಬಿಸಿಲು. "ಎರಡೇ ನಿಮಿಷ, ಬಂದೆ" ಅಂತ ಹೇಳಿ ಇಳಿದಿದ್ದೆ. ಯಜಮಾನರು ಸೂಜಿ ಇಟ್ರು, ಕಣ್ಣು ಮುಚ್ಚಿದ್ರು. ಐದು ನಿಮಿಷಕ್ಕೆ ನಾನು ಪರ್ಸ್ ತೆಗೆದೆ, ಅವರು ಕಣ್ಣು ಮುಚ್ಕೊಂಡೇ ಬೆರಳೆತ್ತಿ ತಡೀ ಅಂದ್ರು, ಬೇಸ್ ಗಿಟಾರ್ ಸೋಲೋ ಬರ್ತಾ ಇದೆ. ಆಮೇಲೆ ಸ್ಯಾಕ್ಸೊಫೋನು. ನನ್ನ ಫೋನ್ ಜೇಬಲ್ಲಿ ಗುಂಯ್ ಅಂತು. ನೋಡಿದ್ರೆ ಹೆಂಡತಿ ಬರೀ ಒಂದು ಪ್ರಶ್ನಾರ್ಥಕ ಚಿಹ್ನೆ ಕಳಿಸಿದಾಳೆ. ಡ್ರಮ್ ಸೋಲೋ ಶುರುವಾಯ್ತು, ಯಜಮಾನರು ಕೌಂಟರ್ ಮೇಲೆ ಎರಡೂ ಕೈಯಲ್ಲಿ ತಾವೂ ಬಾರಿಸೋಕೆ ಶುರು ಮಾಡಿದ್ರು, ನನ್ನ ಕ್ರೆಡಿಟ್ ಕಾರ್ಡು ಅದೇ ಕೌಂಟರ್ ಮೇಲಿತ್ತು, ಏಟಿಗೊಂದು ಇಂಚು ಅವರ ಕಡೆ ಸರೀತಾ ಸರೀತಾ ಕೊನೆಗೆ ಅಂಚಿಂದ ಆಕಡೆ ಬಿತ್ತು. ಅದನ್ನ ಬಗ್ಗಿ ಎತ್ಕೊಡ್ತಾರೇನೋ ಅಂತ ನೋಡಿದೆ. ಎಲ್ಲಿ, ಡ್ರಮ್ ಮುಗಿಯೋವರೆಗೂ ಕಣ್ಣೇ ಬಿಡ್ಲಿಲ್ಲ. ಈಗ ಹೆಂಡತಿಯಿಂದ ಎರಡು ಪ್ರಶ್ನಾರ್ಥಕ ಚಿಹ್ನೆ. ಹಾಡು ಮತ್ತೆ ಪಲ್ಲವಿಗೆ ಬಂದು ನಿಂತಾಗ ಯಜಮಾನರು ಕಣ್ಣು ತೆರೆದು ನಿಟ್ಟುಸಿರು ಬಿಟ್ಟು, "ನಾಲ್ಕು ಡಾಲರ್" ಅಂದ್ರು, ಆಮೇಲೆ "ಮೊದಲ ಮಗ್ಗುಲೂ ಒಂದ್ಸಲ ನೋಡ್ಬಿಡೋಣ್ವಾ, ಯಂಗ್ ಮ್ಯಾನ್?" ನನಗೆ ನಲವತ್ತೇಳು.

ಕುಲ್ಫಿ ಆ ಹೊತ್ತಿಗೆ ಬಾಸುಂದಿ ಆಗಿತ್ತು. ಅತ್ತೆ ಒಬ್ಬರೇ ಪಾಪ, "ಹೋಗ್ಲಿ ಬಿಡೇ, ಪೂರಿ ಮಾಡ್ಕೊಂಡ್ರಾಯ್ತು" ಅಂದಿದ್ದು.

ನನಗೆ ಅರ್ಥ ಆಗದ ವಿಷಯ ಅಂದ್ರೆ, ಅದೇ ಹಾಡನ್ನ ಮೂರು ನಿಮಿಷಕ್ಕೂ ಕಮ್ಮಿ ಮಾಡಿ ಕತ್ತರಿಸಿ ಬಿಟ್ಟಾಗ 1970ರಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 4ನೇ ಜಾಗಕ್ಕೆ ಹೋಯ್ತು, ಟೆಂಪ್ಟೇಷನ್ಸ್ ಹಾಡಿದ್ದು 29ಕ್ಕೇ ನಿಂತಿತ್ತು. ಹಂಗಿದ್ರೂ ಈ ಲೇಬಲ್ಲನ್ನ ಕೇಳೋರಿಲ್ಲ. ಸೋಲ್ ಸಂಗೀತದವರಿಗೆ ಇದು ರಾಕ್, ರಾಕಿನವರಿಗೆ ಇದು ಮೋಟೌನ್. 1972ರಲ್ಲಿ ಮೋಟೌನ್ ಡೆಟ್ರಾಯ್ಟ್ ಬಿಟ್ಟು ಲಾಸ್ ಏಂಜಲೀಸಿಗೆ ಹೋಯ್ತು, 1976ಕ್ಕೆ ರೇರ್ ಅರ್ಥ್ ಲೇಬಲ್ ಮುಚ್ಚಿತು.

ಆದ್ರೆ ರೆಕಾರ್ಡುಗಳು ಮಾತ್ರ ಇಲ್ಲೇ ಉಳಿದವು, ಇಲ್ಲಿನ ಮನೆಗಳ ಬೇಸ್‌ಮೆಂಟಲ್ಲಿ. ಫ್ಯಾಕ್ಟರಿಯಲ್ಲಿ ದುಡಿದು ರಿಟೈರಾದವರು ತೀರಿಕೊಂಡ ಮೇಲೆ ಮಕ್ಕಳು ಮನೆ ಸಾಮಾನೆಲ್ಲ ಮಾರಾಟಕ್ಕಿಡ್ತಾರೆ, ಎಸ್ಟೇಟ್ ಸೇಲ್ ಅಂತ, ಅಲ್ಲಿ ಒಂದು ಪ್ರೆಟಿ ಥಿಂಗ್ಸ್ ಸಿಕ್ತು, ನನ್ನ ಮೈಲಿಗಲ್ಲು ಅದೇ. ಕಮಾನಿನ ಹತ್ರ ನೀಲಿ ಬಾಲ್‌ಪೆನ್ನಲ್ಲಿ ಒಂದು ಹುಡುಗಿ ಹೆಸರು, ಕೆಳಗೆ 1970, ಅದರ ಕೆಳಗೆ ಅಣ್ಣನಿಗೆ ಎಚ್ಚರಿಕೆ: ಮುಟ್ಟಿದ್ರೆ ಜಾಗ್ರತೆ. ಕಲೆಕ್ಟರುಗಳ ಲೆಕ್ಕದಲ್ಲಿ ಆ ಬರಹಕ್ಕೆ ಬೆಲೆ ಅರ್ಧ ಇಳಿಯುತ್ತೆ. ಕ್ಯಾಶ್ ಟೇಬಲ್ ಹತ್ರ ಬಿಳಿ ಮೀಸೆಯವರೊಬ್ಬರು ಕೂತಿದ್ರು, ಕವರ್ ಇಸ್ಕೊಂಡು ಆ ಸಾಲು ಓದಿದ್ರು, ಇನ್ನೊಂದ್ಸಲ ಓದಿದ್ರು, ಎರಡು ಡಾಲರ್ ಅಂದ್ರು. ಅಣ್ಣನೇ ಇರ್ಬೇಕು ಅನ್ನಿಸ್ತು. ಕೇಳೋಕೆ ಬಾಯಿ ಬರ್ಲಿಲ್ಲ.

ಹೋಗ್ಲಿ. ಚೌಕ ಕಳಿಸಿದ ಮಹಾನುಭಾವ ಮೂರು ಡಾಲರ್ ವಾಪಸ್ ಕೊಡ್ತೀನಿ ಅಂದಿದಾನೆ, ಇನ್ನೊಂದು ನಗುಮುಖದ ಜೊತೆ. ಸಿಟ್ಟಲ್ಲಿ ನಿನ್ನೆ ರಾತ್ರಿ ಅದೇ ಲೇಬಲ್ಲಿನ ಆರ್. ಡೀನ್ ಟೇಲರ್ ಹಾಕಿದೆ, 'ಇಂಡಿಯಾನಾ ವಾಂಟ್ಸ್ ಮಿ', ಕೊಲೆ ಮಾಡಿ ತಲೆಮರೆಸಿಕೊಂಡವನ ಹಾಡು, ಶುರುವಾಗೋದೇ ಪೊಲೀಸ್ ಸೈರನ್ನಿಂದ. ವಾಲ್ಯೂಮ್ ಸ್ವಲ್ಪ ಜಾಸ್ತೀನೇ ಇತ್ತು. ಅತ್ತೆ ಸೀರಿಯಲ್ ನಿಲ್ಲಿಸಿ ಕಿಟಕಿ ಪರದೆ ಸರಿಸಿ ಹೊರಗೆ ಇಣುಕಿದ್ರು, ರಸ್ತೆ ಖಾಲಿ, ನನ್ನ ಕಡೆ ತಿರುಗಿ ತಣ್ಣಗೆ ಹೇಳಿದ್ರು: "ನೀವು ಒಳಗೋಗಿ ಅಳಿಯಂದ್ರೆ, ಬಂದ್ರೆ ಆ ಪ್ಲೇಟುಗಳನ್ನೆಲ್ಲ ಹೊತ್ಕೊಂಡೋಗಿ ಅಂತ ನಾನೇ ಹೇಳ್ತೀನಿ."