ಕೋವಿ ಒಳ್ಳೇದು ಕಣೋ!

ಸಕಲೇಶಪುರ ಕಡೆಯ ಎಷ್ಟೋ ತೋಟದ ಮನೆಗಳಲ್ಲಿ ಒಂದು ಕೋವಿ ಇರುತ್ತದೆ. ಚುನಾವಣೆ ಬಂದಾಗ ಅದನ್ನು ಠಾಣೆಗೆ ಕೊಡುವುದು, ಮುಗಿದ ಮೇಲೆ ತರುವುದು. ಕೋವಿಯ ಜೊತೆಗೆ ಅಜ್ಜನ ಗುರಿಯ ಕಥೆಯೂ ಇರಲೇಬೇಕು, ಅಲ್ವಾ?

ಮೊನ್ನೆ ಚಿಕ್ಕಪ್ಪನಿಗೆ ಎರಿಕ್ ಗ್ರೋಫೆಲ್‌ನ ವಿಡಿಯೊ ತೋರಿಸಿದೆ. ಫ್ರಾನ್ಸ್‌ನವನು. 1999ರಲ್ಲಿ ಫಿಲಿಪೀನ್ಸ್‌ನ ಸೆಬುವಿನಲ್ಲಿ ಪ್ರಾಕ್ಟಿಕಲ್ ಶೂಟಿಂಗ್ ವಿಶ್ವ ಚಾಂಪಿಯನ್ ಆದಾಗ ವಯಸ್ಸು 19. ಈ ವಿಶ್ವಕೂಟ ನಡೆಯುವುದೇ ಮೂರು ವರ್ಷಕ್ಕೊಮ್ಮೆ. 2002, 2005, 2008, ಮತ್ತೆ ಅವನೇ. ಚಿಕ್ಕಪ್ಪ ನೋಡಿ, "ಕೋವಿ ಒಳ್ಳೇದು ಕಣೋ, ಅಂಥದ್ದು ಕೊಟ್ರೆ ನಾನೂ ಹೊಡೀತೀನಿ" ಅಂದರು.

ನನಗೆ ರೇಗಿತು. ಇದು ಒಂದೇ ಕಡೆ ನಿಂತು ಹೊಡೆಯುವ ಆಟವಲ್ಲ. ಓಡಬೇಕು, ಬಗ್ಗಬೇಕು, ಗೋಡೆಯ ಸಂದಿಯಿಂದ ಹೊಡೆಯಬೇಕು, ನಡುವೆ ಮ್ಯಾಗಜೀನ್ ಬದಲಿಸಬೇಕು. ಸಿಕ್ಕಿದ ಅಂಕವನ್ನು ಹಿಡಿದ ಸೆಕೆಂಡುಗಳಿಂದ ಭಾಗಿಸುತ್ತಾರೆ. 20 ಸೆಕೆಂಡಿಗೆ 100 ಅಂಕ ತೆಗೆದವನದ್ದು 5. 16 ಸೆಕೆಂಡಿಗೆ 92 ತೆಗೆದವನದ್ದು 5.75, ಅವನೇ ಮುಂದೆ. ಹಾಗಂತ ಸುಮ್ನೆ ಓಡಿದರೆ ಒಂದು ಗುರಿ ತಪ್ಪಿದ್ದಕ್ಕೇ 10 ಅಂಕ ಕಟ್.

ನಮ್ಮ ತೋಟದಲ್ಲಿ ಕಾಫಿ ಹಣ್ಣು ಕುಯ್ಯುವವರ ಲೆಕ್ಕವೂ ಇದೇ. ತೂಕಕ್ಕೆ ಕೂಲಿ, ಆದ್ದರಿಂದ ಕೈ ಬೇಗ ಓಡಬೇಕು. ಚೀಲದಲ್ಲಿ ಹಸಿರು ಕಾಯಿ ಜಾಸ್ತಿ ಕಂಡರೆ ಲೆಕ್ಕ ಬರೆಯುವ ರೈಟರ ಬೈಗುಳ. ಚೆನ್ನಾಗಿ ಕುಯ್ಯುವ ಅಕ್ಕನ ಕೈ ನೋಡಿ, ಅವಸರವೇ ಕಾಣುವುದಿಲ್ಲ. ಒಂದು ಗೊಂಚಲು ಮುಗಿಯುವಷ್ಟರಲ್ಲಿ ಕಣ್ಣು ಮುಂದಿನದರ ಮೇಲಿರುತ್ತದೆ. ಗ್ರೋಫೆಲ್‌ನದೂ ಅದೇ ಕಣ್ಣು.

ನನಗೆ ಇಷ್ಟವಾಗುವುದು ಸುತ್ತು ಶುರುವಾಗುವ ಮೊದಲಿನ ಕೆಲವು ನಿಮಿಷ. ಸ್ಪರ್ಧಿಗಳು ಬರಿಗೈ ಮುಂದೆ ಚಾಚಿಕೊಂಡು ಅಂಗಳದಲ್ಲಿ ಓಡಾಡುತ್ತಾರೆ. ತುಟಿಯಲ್ಲೇ ಎಣಿಸುತ್ತಾರೆ: ಇಲ್ಲಿ ಎರಡು, ಅಲ್ಲಿ ನಾಲ್ಕು. ದೂರದಿಂದ ನೋಡಿದವರಿಗೆ ದೆವ್ವ ಹಿಡಿದ ಹಾಗೆ ಕಾಣಬೇಕು!

ಇನ್ನು ಶಿಸ್ತು. ಕೋವಿಯ ಬಾಯಿ ಹಿಂದಕ್ಕೆ ತಿರುಗಿತೋ, ಚಾಂಪಿಯನ್ ಆದರೂ ಆಟದಿಂದ ಹೊರಗೆ. ನಮ್ಮಲ್ಲಿ? ಚಿಕ್ಕಪ್ಪ ಒಮ್ಮೆ ತುಂಬಿದ ಕೋವಿ ಹಿಡಿದು ಜೀಪು ಹತ್ತಿದ್ದರು. ಟಾಪ್‌ಗೆ ಹಾಕಿದ ತೇಪೆ ಇನ್ನೂ ಇದೆ. ಯಾರಿಗೂ ಏನೂ ಆಗಲಿಲ್ಲ, ದೇವರು ದೊಡ್ಡವನು.

ಚಿಕ್ಕಪ್ಪ ವಿಡಿಯೊ ಮೂರನೇ ಸಲ ಹಾಕಿಸಿಕೊಂಡರು. ಅವನು ಓಡುವ ಕಡೆ ನಿಲ್ಲಿಸು ಅಂದರು. ಕನ್ನಡಕ ಮೇಲೇರಿಸಿ, ಮೊಬೈಲ್ ಹತ್ತಿರ ಹಿಡಿದು ನೋಡಿದರು.

"ಬೆರಳು ಟ್ರಿಗರ್ ಮೇಲೆ ಇಲ್ವಲ್ಲೋ."