ಒಂದು ಜೊತೆ ಗ್ಲೌಸು, ಎಂಟು ಹಾಸಿಗೆ

ಆ ಫೋಟೊ ನೀವೂ ನೋಡಿರ್ತೀರಿ. ಪರಿಸರ ದಿನಕ್ಕೆ ದಾವಣಗೆರೆಯ ಆಸ್ಪತ್ರೆಯೊಂದು ‘ಹಸಿರು ಆಸ್ಪತ್ರೆ’ ಆಯ್ತಲ್ಲ, ಅದು. ಒಂದು ಹೊಂಗೆ ಸಸಿ, ಸುತ್ತ 12 ಜನ, ಅಷ್ಟೂ ಜನರ ಕೈಗೆ ಗ್ಲೌಸು. ಮಣ್ಣಿನಿಂದ ಸೋಂಕು ತಗಲಬಾರದು ನೋಡಿ. ಆಮೇಲೆ 24 ಗ್ಲೌಸೂ ಸಸಿಯ ಬುಡದಲ್ಲೇ ಬಿದ್ದಿದ್ದವು. ಗೊಬ್ಬರ ಅಂದ್ಕೊಂಡೆ.

ಅವತ್ತು ನಾನಲ್ಲೇ ಇದ್ದೆ. ನಮ್ಮ ಸೋದರತ್ತೆಗೆ ಸೊಂಟದ ಆಪರೇಷನ್ ಆಗಿತ್ತು. ಸ್ಟೂಲಿನ ಮೇಲೆ ಕೂತವನಿಗೆ ನೋಡೋದು ಬಿಟ್ಟು ಬೇರೆ ಏನು ಕೆಲಸ? ವಾರ್ಡ್ ಬಾಯ್ ಬೆಳಿಗ್ಗೆ ಏಳಕ್ಕೆ ಗ್ಲೌಸು ಏರಿಸಿದ. ಒಂದನೇ ಹಾಸಿಗೆಯವರ ಮೂತ್ರದ ಚೀಲ ಖಾಲಿ ಮಾಡಿದ. ಅದೇ ಕೈಲಿ ಲಿಫ್ಟ್ ಗುಂಡಿ ಒತ್ತಿದ, ಮೊಬೈಲ್ ನೋಡಿದ, ನಾಲ್ಕನೆಯವರ ಡ್ರಿಪ್ ಸರಿಮಾಡಿದ, ಎಂಟನೆಯವರ ದಿಂಬು ತಟ್ಟಿದ. ಇದಕ್ಕಿಂತ ಮಿತಬಳಕೆ ಬೇಕಾ? ಬಿಲ್ಲಿನಲ್ಲಿ ಮಾತ್ರ ಅತ್ತೆ ಹೆಸರಿಗೆ ದಿನಕ್ಕೆ 20 ಜೊತೆ.

ನಲ್ಲಿಯ ಮೇಲೆ ಕೈ ತೊಳೆಯಬೇಕಾದ ಐದು ಸಂದರ್ಭಗಳ ಚಿತ್ರ ಅಂಟಿಸಿದ್ದಾರೆ, ವಿಶ್ವ ಆರೋಗ್ಯ ಸಂಸ್ಥೆಯದ್ದು. ಕೆಳಗೆ ಸೋಪಿನ ಡಬ್ಬಿ, ಒಳಗೆ ಒಂದು ಸತ್ತ ಸೊಳ್ಳೆ.

“ಸೋಪು ಇಲ್ವಾ ಸಿಸ್ಟರ್?”

“ಬೇಕು ಅಂತ ಸ್ಟೋರಿಗೆ ಇಂಡೆಂಟ್ ಬರೆದು ಹಾಕೀವಿ ಅಣ್ಣ, ಬಂದಿಲ್ಲ.”

30 ಹಾಸಿಗೆಗೆ ಇಬ್ಬರೇ ಸಿಸ್ಟರು. ಪಾಪ, ಅವರನ್ನೇನು ಕೇಳೋದು? ವಿಯೆನ್ನಾದಲ್ಲಿ ಸೆಮ್ಮೆಲ್‌ವೈಸ್ ಅನ್ನೋ ಡಾಕ್ಟರು 1847ರಲ್ಲೇ ಕೈ ತೊಳೀರಪ್ಪಾ ಅಂತ ಬಾಯಿ ಬಡ್ಕೊಂಡಿದ್ದ. ಅವನ ಇಂಡೆಂಟೂ ಇನ್ನೂ ಪಾಸಾಗಿಲ್ಲ. ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯವರು 2018ರಲ್ಲಿ ‘ಬೇಡದ ಕಡೆ ಗ್ಲೌಸು ಬಿಚ್ಚಿ, ಕೈ ತೊಳೀರಿ’ ಅಂತ ಶುರುಮಾಡಿ ಒಂದೇ ವರ್ಷದಲ್ಲಿ 21 ಟನ್ ಪ್ಲಾಸ್ಟಿಕ್ ಉಳಿಸಿದರಂತೆ. ಅವರಿಗೆ ಹೊಂಗೆ ಸಸಿ ಹೊಳೀಲಿಲ್ಲ ನೋಡಿ.

ಇನ್ನು ಕಸದ ಬಕೆಟ್ಟು. ಆಸ್ಪತ್ರೆ ಕಸದ 2016ರ ನಿಯಮದ ಪ್ರಕಾರ ಹಳದಿ, ಕೆಂಪು, ಬಿಳಿ, ನೀಲಿ, ಎಲ್ಲಾ ಇವೆ. ಕೆಂಪಿಗೆ ಬಿದ್ದ ಡ್ರಿಪ್ ಪೈಪು ಶುದ್ಧವಾಗಿ, ಚೂರಾಗಿ, ಬೇರೆ ಪ್ಲಾಸ್ಟಿಕ್ ಆಗೋಕೆ ಹೋಗಬೇಕು. ಹಳದಿಯದು ಸುಡೋ ಕುಲುಮೆಗೆ. ನಮ್ಮ ವಾರ್ಡಿನ ಹಳದಿಯಲ್ಲಿ ಡ್ರಿಪ್ ಪೈಪೂ ಇತ್ತು, ಮಂಡಕ್ಕಿ ಪೊಟ್ಟಣವೂ ಇತ್ತು, ಮಿರ್ಚಿ ತೊಟ್ಟೂ ಇತ್ತು. ಎಣ್ಣೆಯಲ್ಲಿ ಒಂದ್ಸಲ ಬೆಂದಿದ್ದು ಸಾಲದು ಅಂತ ಅದಕ್ಕೆ ಇನ್ನೂ 800 ಡಿಗ್ರಿ.

ಅಂದಹಾಗೆ ನಮ್ಮದು ಹತ್ತಿ ಗಿರಣಿಗಳ ಊರು. ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ರು. ಆಗ ಆಪರೇಷನ್ ಗೌನು ಹಸಿರು ಬಟ್ಟೆಯದ್ದು. ಒಗೆದು, ಆಟೋಕ್ಲೇವ್ ಅನ್ನೋ ಬಿಸಿ ಹಬೆಯ ಪಾತ್ರೆಯಲ್ಲಿ ಬೇಯಿಸಿ, ಮತ್ತೆ ತೊಡೋರು. ಈಗ ಪ್ಲಾಸ್ಟಿಕ್ಕಿನ ಗೌನು, ಒಂದ್ಸಲ ತೊಟ್ಟು ಬಿಸಾಕೋದು. ಹಸಿರು ಬಟ್ಟೆಯಿಂದ ಬ್ಯಾನರಿಗೆ ಹೋಯ್ತು.

ಐದನೇ ದಿನ ಅತ್ತೆಯ ಹೊಲಿಗೆಯಲ್ಲಿ ಕೀವು ಬಂತು. 11 ದಿನ ಜಾಸ್ತಿ ಮಲಗಿದರು. ಆ 11 ದಿನದ ಬಾಟಲಿ, ಸಿರಿಂಜು, ಪೈಪು, ಬ್ಯಾಂಡೇಜು ಬಕೆಟ್ ತುಂಬಿ ತುಂಬಿ ಹೋಗಿದ್ದನ್ನ ನಾನೇ ನೋಡಿದೆ. ತಮಾಷೆ ಸಾಕು. ಸಸಿ ಯಾರು ಕೇಳಿದ್ರು ನಿಮ್ಮನ್ನ? ಸೋಪು ಇಡ್ರಪ್ಪಾ. ಸೋಂಕು ತಡೆದರೆ ಎಷ್ಟೋ ಕಸ ಹುಟ್ಟೋದೇ ಇಲ್ಲ.

“ನೀನೇ ಒಂದು ಸೋಪು ತಂದಿಡಬಾರ್ದೇನೋ?” ಅಂದ್ರು ಅತ್ತೆ.

ತಂದಿಟ್ಟೆ. ಸಂಜೆಗೆ ಇರಲಿಲ್ಲ.